ಕಟ್ಟದ ಹೆದ್ದಾರಿಗೆ ಕಟ್ಟುವ ಸುಂಕ

ಮಂಡ್ಯದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವ ನಮ್ಮ ವಾಚಕರು, ಕುಂಬಳಗೋಡು ದಾಟಿ ಕೆಂಗೇರಿ ಹತ್ತಿರವಾಗುವಾಗ, ಅಗಲವಾದ ಒಂದು ರಸ್ತೆ ಮೈಸೂರು ರಸ್ತೆಯನ್ನು ಅಡ್ಡ ಹಾಯ್ದು ಹೋಗುವುದನ್ನು ನೋಡಿಯೇ ಇರುತ್ತಾರೆ. ಬಲಕ್ಕೆ ಹೋದರೆ ಅದು ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಮುಟ್ಟುತ್ತದೆ. ಎಡಕ್ಕೆ ಹೋದರೆ ಮಾಗಡಿ ರಸ್ತೆ ಹಾಯ್ದು ತುಮಕೂರು ರಸ್ತೆಯ ಮಾದಾವರದ ಬಳಿ ನಿಲ್ಲುತ್ತದೆ. ಜನ ಇದನ್ನು ನೈಸ್ ರಸ್ತೆ ಎಂದು ಕರೆಯುತ್ತಾರೆ. ಉದ್ದ ಸುಮಾರು ೪೧ ಕಿಲೋಮೀಟರು. ದಾರಿಯಲ್ಲಿ ಸುಂಕದ ಕಟ್ಟೆಗಳಿವೆ. ಪೀಣ್ಯದ ಕಾರ್ಖಾನೆಗೆ ಹೋಗುವ ಫಿಟ್ಟರನೂ, ಯಶವಂತಪುರದ ಮಾರುಕಟ್ಟೆಯಿಂದ ಈರುಳ್ಳಿ ಮೂಟೆ ತರುವ ಅಂಗಡಿಕಾರನೂ ಅಲ್ಲಿ ಕಾಸು ಎಣಿಸಿಕೊಟ್ಟೇ ಮುಂದೆ ಸಾಗಬೇಕು.

ಈ ರಸ್ತೆ ಏತಕ್ಕಾಗಿ ಹುಟ್ಟಿತು ಎಂದು ಕೇಳಿದರೆ, ಬೆಂಗಳೂರಿನ ವಾಹನಗಳ ನೂಕುನುಗ್ಗಲು ತಗ್ಗಿಸಲು ಎಂದು ಬಹಳ ಮಂದಿ ಹೇಳುತ್ತಾರೆ. ಅದು ಅರ್ಧ ಸತ್ಯ. ಇದು ತಾನೇ ತಾನಾಗಿ ಹುಟ್ಟಿದ ರಸ್ತೆಯಲ್ಲ. ಇನ್ನೊಂದು ದೊಡ್ಡ ಹೆದ್ದಾರಿಯ ಬಾಲವಾಗಿ ಹುಟ್ಟಿದ್ದು. ಬಾಲ ಬಂತು, ಹಸು ಬರಲೇ ಇಲ್ಲ. ಆದರೆ ಹಸುವನ್ನು ಕಟ್ಟುವುದಕ್ಕೆಂದು ರೈತನಿಂದ ಕಿತ್ತುಕೊಂಡ ಕೊಟ್ಟಿಗೆಯನ್ನು ಇಂದಿಗೂ ಹಿಂದಕ್ಕೆ ಕೊಟ್ಟಿಲ್ಲ. ಈ ವಾರ ನಾವು ಹೇಳಬೇಕೆಂದಿರುವುದು ಇದನ್ನೇ.

ಹಳೆಯ ಸಂಗತಿಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ೧೯೯೫ರ ಫೆಬ್ರವರಿ ೨೦ರಂದು ಶ್ರೀ ಎಚ್. ಡಿ. ದೇವೇಗೌಡರ ಸರಕಾರ ಖಾಸಗಿ ಕೂಟವೊಂದರ ಜೊತೆ ತಿಳಿವಳಿಕೆ ಪತ್ರಕ್ಕೆ ರುಜು ಹಾಕಿತು. ಪುಣೆಯ ಕಲ್ಯಾಣಿ ಸಮೂಹ ಆ ಕೂಟದಲ್ಲಿತ್ತು. ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದ ಒಂದು ಇಂಜಿನಿಯರಿಂಗ್ ಸಂಸ್ಥೆಯೂ ಇತ್ತು. ಆ ಸಂಸ್ಥಾನದ ಗವರ್ನರ್ ವಿಲಿಯಂ ವೆಲ್ಡ್ ಅವರ ಹೆಸರೂ ಈ ಪತ್ರದ ಜೊತೆ ಸೇರಿಕೊಂಡಿದೆ. ಎರಡು ವರ್ಷದ ನಂತರ, ೧೯೯೭ರ ಏಪ್ರಿಲ್ ೩ರಂದು, ನಂದಿ ಇನ್ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಕಂಪನಿಯೊಡನೆ ಮುಖ್ಯ ಒಪ್ಪಂದವಾಯಿತು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು ೧೧೧ ಕಿಲೋಮೀಟರಿನ ಹೊಸ ಹೆದ್ದಾರಿ, ಅದನ್ನು ನಗರಕ್ಕೆ ಕೂಡಿಸುವ ಲಿಂಕ್ ರಸ್ತೆ, ನಗರದ ಪಶ್ಚಿಮ ದಕ್ಷಿಣಗಳನ್ನು ಬಳಸುವ ವರ್ತುಲ ರಸ್ತೆ, ದಾರಿಯುದ್ದಕ್ಕೂ ಐದು ಉಪನಗರಗಳು. ಒಟ್ಟು ಬೇಕಾದ ಭೂಮಿ ೨೦,೧೯೩ ಎಕರೆ. ಅದರಲ್ಲಿ ೧೩,೨೩೭ ಎಕರೆ ರೈತರದು, ಖಾಸಗಿಯವರದು. ೬,೯೫೬ ಎಕರೆ ಸರಕಾರದ್ದು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ. ರಸ್ತೆಗೆಂದು ೬,೯೯೯ ಎಕರೆ, ಉಪನಗರಗಳಿಗೆಂದು ೧೩,೧೯೪ ಎಕರೆ. ಅಂದರೆ ಒಂದೆಕರೆ ರಸ್ತೆಗೆ ಹೆಚ್ಚುಕಡಿಮೆ ಎರಡೆಕರೆ ನಿವೇಶನದ ಭೂಮಿ. ಹೆದ್ದಾರಿ ಎಂಬ ಹೆಸರು ಮುಂದೆ, ಭೂಮಿಯ ವ್ಯವಹಾರ ಹಿಂದೆ. ರಸ್ತೆಯ ಖರ್ಚನ್ನು ಉಪನಗರದ ಲಾಭದಿಂದ ತೂಗಿಸಿಕೊಳ್ಳುವ ಏರ್ಪಾಡು ಎಂದು ಅದನ್ನು ಸಮರ್ಥಿಸುವವರಿದ್ದಾರೆ. ಸರಿ, ಒಪ್ಪೋಣ. ಆದರೆ ರಸ್ತೆಯೇ ಮೈಸೂರು ಮುಟ್ಟದಿದ್ದಾಗ ಆ ಎರಡೆಕರೆಯ ಗತಿಯೇನು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ನಮಗೆ ಸಂಕೋಚ ತರುವ ಒಂದು ಸಂಗತಿಯನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ೧೯೯೭ರಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಶ್ರೀ ಜೆ. ಎಚ್. ಪಟೇಲರು. ಲೋಹಿಯಾರವರ ಗರಡಿಯಲ್ಲಿ ಬೆಳೆದವರು, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. ೧೯೫೧ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತು ಲೋಹಿಯಾ ಬಂಧನಕ್ಕೊಳಗಾದರು. ಉಳುವವನ ಕಾಲ ಕೆಳಗಿನ ನೆಲಕ್ಕಾಗಿ ಹೋರಾಡಿದ ಪರಂಪರೆಯ ಮನುಷ್ಯನ ಕಾಲದಲ್ಲಿಯೇ ಹದಿಮೂರು ಸಾವಿರ ಎಕರೆ ಸಾಗುವಳಿ ನೆಲದ ಮೇಲೆ ಈ ಗೆರೆ ಎಳೆಯಲಾಯಿತು. ಬೇರೆಯವರ ತಪ್ಪನ್ನು ಎತ್ತಿ ಆಡುವ ನಾವು ನಮ್ಮವರದನ್ನು ಬಿಡಲಾಗದು. ಹಾಗೆಯೇ, ಪತ್ರಕ್ಕೆ ಮೊದಲು ರುಜು ಹಾಕಿದ ಗೌಡರೇ ಮುಂದೆ ಈ ಯೋಜನೆಯ ಕಡು ವಿರೋಧಿಗಳಾದರೆಂಬುದೂ ಜನರಿಗೆ ತಿಳಿದದ್ದೇ.

ಮುಂದಿನದು ಕೋರ್ಟಿನ ಕಥೆ. ಮೊದಲ ಸುತ್ತಿನ ಮೊಕದ್ದಮೆಗಳಲ್ಲಿ ರಾಜ್ಯ ಸರಕಾರ ಹೈಕೋರ್ಟಿನ ಮುಂದೆ ನಿಂತು, ಈ ಯೋಜನೆ ಸರಿ, ಇಷ್ಟು ಭೂಮಿ ಬೇಕೇ ಬೇಕು ಎಂದು ವಾದಿಸಿ ಗೆದ್ದಿತು. ಕೆಲವು ವರ್ಷಗಳ ನಂತರ ಅದೇ ಸರಕಾರ, ಭೂಮಿ ಹೆಚ್ಚಾಯಿತು ಎಂದು ತಿರುಗಿ ಹೇಳಿತು. ೨೦೦೬ರ ಏಪ್ರಿಲ್ ೨೦ರಂದು ಸುಪ್ರೀಂ ಕೋರ್ಟು ಈ ಎರಡು ನಾಲಿಗೆಯನ್ನು ಒಪ್ಪದೆ, ಒಪ್ಪಂದವನ್ನು ನಡೆಸಿಕೊಡಿ ಎಂದು ತೀರ್ಪಿತ್ತಿತು. ನ್ಯಾಯಾಲಯವನ್ನು ದೂರಿ ಫಲವಿಲ್ಲ. ನಿನ್ನೆ ಒಂದು, ಇಂದು ಒಂದು ಹೇಳುವ ವಾದಿಗೆ ಯಾವ ನ್ಯಾಯಾಧೀಶರು ತಾನೇ ಮಣೆ ಹಾಕುತ್ತಾರೆ? ಶ್ರೀ ಟಿ. ಬಿ. ಜಯಚಂದ್ರ ಅವರ ಅಧ್ಯಕ್ಷತೆಯ ಸದನ ಸಮಿತಿ ೨೦೧೬ರಲ್ಲಿ ವರದಿ ಕೊಟ್ಟಿತು. ಒಪ್ಪಂದದಲ್ಲಿದ್ದಂತೆ ಕಾಂಕ್ರೀಟು ರಸ್ತೆ ಹಾಕದೆ ಸುಂಕ ವಸೂಲು ಮಾಡಲಾಗುತ್ತಿದೆ ಎಂದಿತು, ತನಿಖೆ ಬೇಕೆಂದಿತು. ಕಂಪನಿ ಇದನ್ನು ಒಪ್ಪಲಿಲ್ಲ. ವರದಿ ಕಪಾಟು ಸೇರಿತು. ೨೦೨೫ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಬಂತು. ಸಮಿತಿಗಳ ಮೇಲೆ ಸಮಿತಿ ಕೂತಷ್ಟೂ ಕಡತದ ಮೇಲಿನ ದೂಳು ದಪ್ಪವಾಗುತ್ತದೆ.

ಇಷ್ಟರ ನಡುವೆ ನೆಲದ ಮೇಲೆ ಆದದ್ದೇನು? ವರ್ತುಲ ರಸ್ತೆಯೂ ಲಿಂಕ್ ರಸ್ತೆಯೂ ಘಟ್ಟ ಘಟ್ಟವಾಗಿ ಮುಗಿದವು. ಬೆಂಗಳೂರಿನ ಅಂಚಿನಲ್ಲಿ, ವಾಹನ ಹೆಚ್ಚಾಗಿ ಓಡುವ ಕಡೆ, ಸುಂಕ ಹುಟ್ಟುವ ಕಡೆ. ಹುಲ್ಲು ಹುಟ್ಟುವ ಕಡೆ ಮಾತ್ರ ಏನೂ ಆಗಲಿಲ್ಲ. ೧೧೧ ಕಿಲೋಮೀಟರಿನ ಮುಖ್ಯ ಹೆದ್ದಾರಿ ಮೈಸೂರು ಹಾಗಿರಲಿ, ಮಂಡ್ಯವನ್ನೂ ಕಾಣಲಿಲ್ಲ. ಲಾಭದ ತುಂಡನ್ನು ಕಟ್ಟಿ ನಷ್ಟದ ತುಂಡನ್ನು ಕಾಗದದಲ್ಲಿ ಬಿಡುವುದಕ್ಕೆ ದೊಡ್ಡ ಅರ್ಥಶಾಸ್ತ್ರದ ಹೆಸರುಗಳಿರಬಹುದು. ಅಂಗಡಿ ಇಟ್ಟವರು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ.

ಕಾಗದದಲ್ಲೇ ಉಳಿದ ಹೆದ್ದಾರಿಯಿಂದ ಯಾರಿಗೇನು ತೊಂದರೆ, ಕಟ್ಟದಿದ್ದರೆ ನೆಲ ಉಳಿಯಿತಲ್ಲ ಎಂದು ಪಟ್ಟಣದ ಸ್ನೇಹಿತರೊಬ್ಬರು ನಮ್ಮನ್ನು ಕೇಳಿದರು. ಅವರು ಪಹಣಿಯನ್ನು ಎಂದೂ ಕೈಯಲ್ಲಿ ಹಿಡಿದವರಲ್ಲ. ಪಹಣಿಯಲ್ಲಿ ಹನ್ನೊಂದನೆಯ ಕಾಲಂ ಎಂಬುದೊಂದಿದೆ. ಇತರ ಹಕ್ಕುಗಳು, ಋಣಗಳು ಬರೆಯುವ ಜಾಗ. ಅಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಭೂಸ್ವಾಧೀನ ಎಂಬ ಒಂದು ಸಾಲು ಬಿದ್ದಿತೆಂದರೆ ಆ ಹೊಲ ಇದ್ದೂ ಇಲ್ಲದ ಹೊಲ. ಬ್ಯಾಂಕು ಸಾಲ ಕೊಡದು. ಮಗಳ ಮದುವೆಗೆ ಎರಡು ಗುಂಟೆ ಮಾರುತ್ತೇನೆಂದರೆ ಕೊಳ್ಳುವವನಿಲ್ಲ. ಇದ್ದರೂ ಕಾಲು ಬೆಲೆಗೆ ಕೇಳುವ ದಲ್ಲಾಳಿ. ಬಾವಿ ತೋಡಿಸಲು ಧೈರ್ಯವಿಲ್ಲ, ತೆಂಗಿನ ಸಸಿ ನೆಡಲು ಮನಸ್ಸಿಲ್ಲ. ಫಲ ಬರುವ ಹೊತ್ತಿಗೆ ಬುಲ್ಡೋಜರು ಬಂದರೆ? ಅಣ್ಣತಮ್ಮಂದಿರು ಪಾಲಾಗಬೇಕೆಂದರೂ ಆ ಸಾಲು ಅಡ್ಡ. ಕಟ್ಟಿದ ರಸ್ತೆ ಒಂದು ಸಾರಿ ಹೊಲ ತಿನ್ನುತ್ತದೆ. ಕಟ್ಟದ ರಸ್ತೆ ಪ್ರತಿ ವರ್ಷವೂ ತಿನ್ನುತ್ತದೆ.

ಇದು ನಮ್ಮ ಉತ್ಪ್ರೇಕ್ಷೆಯಲ್ಲ. ೨೦೨೫ರ ಜನವರಿ ೨ರಂದು ಸುಪ್ರೀಂ ಕೋರ್ಟು ಇದೇ ಯೋಜನೆಯ ಕೆಲವು ನಿವೇಶನದಾರರ ಅಹವಾಲಿನಲ್ಲಿ ಕೊಟ್ಟ ತೀರ್ಪನ್ನು ನೋಡಿ. ೨೦೦೩ರ ಜನವರಿಯಲ್ಲಿ ಸ್ವಾಧೀನದ ಮೊದಲ ಅಧಿಸೂಚನೆ. ೨೦೦೫ರ ನವೆಂಬರಿನಲ್ಲಿ ಜಾಗ ವಶ. ಪರಿಹಾರದ ಐತೀರ್ಪು ಹೊರಬಿದ್ದದ್ದು ೨೦೧೯ರ ಏಪ್ರಿಲ್ ೨೨ರಂದು, ಅದೂ ನ್ಯಾಯಾಂಗ ನಿಂದನೆಯ ಮೊಕದ್ದಮೆ ಹೂಡಿದ ಮೇಲೆ! ಆಗಲೂ ೨೦೧೧ರ ದರದಲ್ಲಿ ಲೆಕ್ಕ ಕಟ್ಟಿದ್ದರು. ನ್ಯಾಯಮೂರ್ತಿಗಳಾದ ಗವಾಯಿ ಮತ್ತು ವಿಶ್ವನಾಥನ್ ಅವರು, ೨೦೧೯ರ ಏಪ್ರಿಲ್ ೨೨ರಂದು ಇದ್ದ ಪೇಟೆಯ ಬೆಲೆಯನ್ನೇ ಆಧಾರವಾಗಿಟ್ಟು ಪರಿಹಾರ ಗೊತ್ತುಮಾಡಿ ಎಂದು ಆಜ್ಞೆ ಮಾಡಿದರು. ಸ್ವತ್ತಿನ ಹಕ್ಕು ಮೂಲಭೂತ ಹಕ್ಕಾಗಿ ಉಳಿಯದಿದ್ದರೂ ಸಂವಿಧಾನದ ೩೦೦-ಎ ವಿಧಿಯಲ್ಲಿ ಜೀವಂತವಾಗಿದೆ ಎಂದು ನೆನಪಿಸಿದರು. ಇವರು ವಕೀಲರನ್ನಿಟ್ಟು ದೆಹಲಿಯವರೆಗೆ ಹೋಗಬಲ್ಲ ನಿವೇಶನದಾರರು. ಒಂದೆಕರೆ ರಾಗಿ ಹೊಲದವನಿಗೆ ವಿಧಾನಸೌಧದ ಗೇಟು ದಾಟುವುದೇ ದೆಹಲಿ.

ಈಗ ಬೆಂಗಳೂರಿನ ಪಶ್ಚಿಮಕ್ಕೆ ಬರೋಣ, ಏಕೆಂದರೆ ಅಲ್ಲಿನ ಕೂಲಿಕಾರನಿಗೂ ಇಲ್ಲಿನ ರೈತನಿಗೂ ಈ ರಸ್ತೆಯೇ ನಂಟು. ಒಂದು ಕಾಲದಲ್ಲಿ ಆ ಭಾಗವೆಲ್ಲ ಮಿಲ್ಲುಗಳ ಶಿಳ್ಳೆಗೆ ಏಳುತ್ತಿದ್ದ ಭಾಗ. ಬಿನ್ನಿ, ಮಿನರ್ವ, ರಾಜಾ ಮಿಲ್ಲು. ೧೯೪೯ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ರಾಜಾಜಿನಗರ ಕಾರ್ಖಾನೆ ಮತ್ತು ಕಾರ್ಮಿಕರ ಮನೆ ಹತ್ತಿರ ಹತ್ತಿರ ಇರಬೇಕೆಂಬ ಎಣಿಕೆಯ ಬಡಾವಣೆ. ಸೈಕಲ್ಲು ತುಳಿದರೆ ಕೆಲಸ, ಸೈಕಲ್ಲು ತುಳಿದರೆ ಮನೆ. ಇಂದು ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ನಿಂತಿದೆ, ಬಿನ್ನಿ ಮಿಲ್ಲಿನ ಜಾಗದಲ್ಲಿ ಮುಗಿಲೆತ್ತರದ ವಸತಿಗಳು. ವಿಜಯನಗರ, ಬಸವೇಶ್ವರನಗರಗಳಲ್ಲಿ ಬಾಡಿಗೆ ಕೊಡಲಾರದ ಕಾರ್ಮಿಕ ಲಗ್ಗೆರೆಗೆ, ಸುಂಕದಕಟ್ಟೆಗೆ, ಕೆಂಗೇರಿಯಾಚೆಗೆ ಸರಿದ. ಕೆಲಸ ಪೀಣ್ಯದಲ್ಲೋ ಕುಂಬಳಗೋಡಿನಲ್ಲೋ ಬಿಡದಿಯಲ್ಲೋ, ಇ.ಎಸ್.ಐ. ಆಸ್ಪತ್ರೆ ಮಾತ್ರ ರಾಜಾಜಿನಗರದಲ್ಲೇ ಉಳಿಯಿತು.

ಕೆಂಗೇರಿ ಕಡೆಯಿಂದ ಪೀಣ್ಯಕ್ಕೆ ಹೋಗುವವನಿಗೆ ನೈಸ್ ರಸ್ತೆ ಹತ್ತಿರದ ದಾರಿ, ನಿಜ. ಒಳ್ಳೆಯ ರಸ್ತೆಯೂ ಹೌದು; ಹಾಗಲ್ಲವೆಂದು ಹೇಳಲು ನಮಗೆ ಹಟವಿಲ್ಲ. ಆದರೆ ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ರಸ್ತೆ? ಮೈಸೂರಿಗೆ ವೇಗವಾಗಿ ಓಡುವ ಕಾರನ್ನು. ಆದ್ದರಿಂದ ಎರಡನೆಯ ಪಾಳಿ ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಮರಳುವವನಿಗೆ ಅದರಲ್ಲಿ ಜಾಗವೇ ಇಡಲಿಲ್ಲ. ಅಪಘಾತಗಳು ಹೆಚ್ಚಾದವು. ಸಾವುಗಳಾದವು. ೨೦೨೨ರ ಜನವರಿಯಲ್ಲಿ ಪೊಲೀಸರು ರಾತ್ರಿ ೧೦ರಿಂದ ಬೆಳಗಿನ ೫ರವರೆಗೆ ದ್ವಿಚಕ್ರ ವಾಹನಗಳನ್ನು ಅಲ್ಲಿ ನಿಷೇಧಿಸಿದರು. ಜೀವ ಉಳಿಯಲಿ ಎಂಬ ಉದ್ದೇಶವನ್ನು ನಾವು ಗೌರವಿಸುತ್ತೇವೆ. ಆದರೆ ಪಾಳಿ ಹತ್ತರ ಮೇಲೆ ಬಿಡುತ್ತದೆಂಬುದನ್ನು ನಿಷೇಧ ಹೊರಡಿಸುವವರು ಒಂದು ಸಾರಿ ಎಣಿಸಬೇಕಿತ್ತು. ಕಾರಿಗೆ ಇಡೀ ರಸ್ತೆ, ಕೂಲಿಗಾರನಿಗೆ ಸುತ್ತು ದಾರಿ.

ಅತ್ತ ಮೈಸೂರಿನ ಹೆದ್ದಾರಿ ಬಾರದೆ ಹೋಯಿತೇ? ಇಲ್ಲ, ಬಂದಿತು. ಆದರೆ ಬೇರೆಯವರು ಕಟ್ಟಿದರು. ಕೇಂದ್ರದ ಹೆದ್ದಾರಿ ಪ್ರಾಧಿಕಾರ ಹಳೆಯ ಮೈಸೂರು ರಸ್ತೆಯನ್ನೇ ಅಗಲಿಸಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುವಂತೆ ೧೧೮ ಕಿಲೋಮೀಟರು ಕಟ್ಟಿತು. ೨೦೨೩ರ ಮಾರ್ಚ್ ೧೨ರಂದು ಪ್ರಧಾನಿ ನಮ್ಮ ಜಿಲ್ಲೆಗೇ ಬಂದು ಉದ್ಘಾಟಿಸಿದರು. ಸುಮಾರು ೮,೪೮೦ ಕೋಟಿ ರೂಪಾಯಿ. ಎರಡು ದಿನ ಕಳೆಯುವಷ್ಟರಲ್ಲಿ ಸುಂಕ. ಆಗಸ್ಟ್ ೧ರಿಂದ ದ್ವಿಚಕ್ರ, ಆಟೋ, ಟ್ರಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ನಿಷೇಧ. ಚನ್ನಪಟ್ಟಣದ ಬೊಂಬೆ ಅಂಗಡಿ, ಮದ್ದೂರಿನ ವಡೆ ಹೋಟೆಲು, ನಮ್ಮೂರ ಹೆದ್ದಾರಿ ಬದಿಯ ಎಳನೀರು, ಬೆಲ್ಲದ ವ್ಯಾಪಾರ, ಇವೆಲ್ಲ ಗಿರಾಕಿಯ ಮುಖ ನೋಡಿ ಬದುಕಿದ್ದ ಕಸುಬುಗಳು. ಗಿರಾಕಿ ಈಗ ತಲೆಯ ಮೇಲೆ ಹಾರಿಹೋಗುತ್ತಾನೆ. ವರ್ತಕ ಬಂಧುಗಳು ಈ ನೋವನ್ನು ನಮ್ಮ ಕಚೇರಿಗೆ ಬಂದು ಹೇಳಿದ್ದಾರೆ. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇವೆ.

ಇಲ್ಲಿ ನಾವು ಎತ್ತುವ ಪ್ರಶ್ನೆ ಒಂದೇ. ಬೆಂಗಳೂರಿನಿಂದ ಮೈಸೂರಿಗೆ ಹೆದ್ದಾರಿ ಬೇಕೆಂದು ೧೯೯೭ರಲ್ಲಿ ನೆಲ ಗೊತ್ತುಮಾಡಿದರು. ಆ ಹೆದ್ದಾರಿಯ ಕೆಲಸವನ್ನು ೨೦೨೩ರಲ್ಲಿ ಇನ್ನೊಂದು ಹೆದ್ದಾರಿ ಪೂರೈಸಿತು. ಹಾಗಾದರೆ ಮೊದಲನೆಯದಕ್ಕೆಂದು ಹಿಡಿದಿಟ್ಟ, ಆದರೆ ರಸ್ತೆ ಬಾರದ ನೆಲವನ್ನು ಇನ್ನು ಯಾವ ಸಾರ್ವಜನಿಕ ಉದ್ದೇಶಕ್ಕೆ ಹಿಡಿದಿಡಲಾಗಿದೆ? ಎರಡು ಊರುಗಳ ನಡುವೆ ಎರಡನೆಯ ಸುಂಕದ ಹೆದ್ದಾರಿ ಬೇಕು ಎನ್ನುವವರು ಯಾರಾದರೂ ಇದ್ದರೆ ವಿಧಾನಸಭೆಯಲ್ಲಿ ಎದ್ದು ನಿಂತು ಹೇಳಲಿ. ಇಲ್ಲವೆಂದರೆ, ರದ್ದಾಗಿದೆ ಎಂಬ ನಾಲ್ಕಕ್ಷರವನ್ನು ಕಾಗದದ ಮೇಲೆ ಬರೆಯಲು ಕೈ ಏಕೆ ನಡುಗುತ್ತದೆ?

ಬರೆಯಲು ಬಾರದವರೇನೂ ಅಲ್ಲ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆಂದರು. ೨೦೧೬ರ ಅಕ್ಟೋಬರಿನಲ್ಲಿ ನಾಗರಿಕರು ಕೈಗೆ ಕೈ ಹಿಡಿದು ಸಾಲಾಗಿ ನಿಂತರು. ೨೦೧೭ರ ಮಾರ್ಚಿನಲ್ಲಿ ರದ್ದಾಯಿತು. ನೂರಕ್ಕೂ ಹೆಚ್ಚು ಕಿಲೋಮೀಟರಿನ ಮೇಲ್ಪಥಗಳ ಜಾಲ ಎಂದರು. ೨೦೧೯ರಲ್ಲಿ ಅದನ್ನೂ ಕೈಬಿಟ್ಟರು. ಮರಗಳಿಗಾಗಿ ನಿಂತ ಆ ನಾಗರಿಕರನ್ನು ನಾವು ಮೆಚ್ಚುತ್ತೇವೆ. ಆದರೆ ಅರಮನೆ ರಸ್ತೆಯ ಮರಕ್ಕೆ ಐದು ತಿಂಗಳಲ್ಲಿ ಸಿಕ್ಕ ನ್ಯಾಯ ಕೆಂಗೇರಿ, ಬಿಡದಿ, ಮಂಡ್ಯಗಳ ಹೊಲಕ್ಕೆ ಇಪ್ಪತ್ತೈದು ವರ್ಷ ಮೀರಿದರೂ ಸಿಗದಿರುವುದು ವರ್ಗಭೇದವಲ್ಲದೆ ಮತ್ತೇನು?

ಗವರ್ನರ್ ವೆಲ್ಡ್ ಅವರ ಮೆಸಾಚುಸೆಟ್ಸಿನ ಮಾತು ಮೇಲೆ ಬಂದಿತು. ಅಲ್ಲಿನ ರಾಜಧಾನಿ ಬಾಸ್ಟನ್ನಿನಲ್ಲಿಯೂ ನಗರದ ಹೊಟ್ಟೆ ಸೀಳಿಕೊಂಡು ಹೋಗುವ ಹೆದ್ದಾರಿಗಳ ಯೋಜನೆಯಿತ್ತು. ಬಡವರ ಮನೆಗಳನ್ನು ಕೆಡವಿ ಉದ್ದಕ್ಕೂ ಜಾಗ ತೆರವು ಮಾಡಿದ್ದರು. ಜನ ಬೀದಿಗಿಳಿದರು. ೧೯೭೦ರಲ್ಲಿ ಅಂದಿನ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಕೆಲಸ ನಿಲ್ಲಿಸಿದರು, ೧೯೭೨ರಲ್ಲಿ ಹೆದ್ದಾರಿಯನ್ನೇ ರದ್ದು ಮಾಡಿದರು. ತೆರವಾದ ಪಟ್ಟಿಯಲ್ಲಿ ೧೯೮೭ರಲ್ಲಿ ನಗರ ರೈಲು ಓಡಿತು, ಅದರ ಜೊತೆ ಉದ್ದನೆಯ ಉದ್ಯಾನ ಬಂತು. ಹೆದ್ದಾರಿಗೆಂದಿದ್ದ ಹಣವನ್ನು ರೈಲು ಬಸ್ಸುಗಳಿಗೆ ತಿರುಗಿಸಲು ಅಮೆರಿಕದ ಕಾಂಗ್ರೆಸ್ಸು ೧೯೭೩ರಲ್ಲಿ ಕಾಯಿದೆಯನ್ನೇ ಮಾಡಿತು. ಬಂಡವಾಳಶಾಹಿಯ ತವರಿನಲ್ಲಿ ಇದು ಸಾಧ್ಯವಾಯಿತು. ಅವರು ತಮ್ಮ ಮನೆಯಲ್ಲಿ ಬಿಟ್ಟದ್ದನ್ನು ನಾವು ಆರತಿ ಎತ್ತಿ ಒಳಗೆ ಕರೆದುಕೊಂಡೆವು. ಅವರು ಬಿಟ್ಟ ರೀತಿಯನ್ನು ಮಾತ್ರ ಕಲಿಯಲಿಲ್ಲ.

ನಮ್ಮಲ್ಲಿಯೂ ರೈಲು ಬಂದಿದೆ. ೨೦೨೧ರಲ್ಲಿ ಮೆಟ್ರೋ ಕೆಂಗೇರಿಗೆ, ೨೦೨೩ರಲ್ಲಿ ಚಲ್ಲಘಟ್ಟಕ್ಕೆ, ೨೦೨೪ರಲ್ಲಿ ತುಮಕೂರು ರಸ್ತೆಯ ಮಾದಾವರಕ್ಕೆ ಮುಟ್ಟಿತು. ನಕಾಶೆ ತೆಗೆದು ನೋಡಿ: ನೈಸ್ ರಸ್ತೆಯ ಪಶ್ಚಿಮ ಭಾಗದ ಆ ತುದಿಯ ಹತ್ತಿರ ಒಂದು ನಿಲ್ದಾಣ, ಈ ತುದಿಯ ಹತ್ತಿರ ಒಂದು ನಿಲ್ದಾಣ. ನಡುವೆ ನೇರ ರೈಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವನು ಮೆಜೆಸ್ಟಿಕ್ಕಿಗೆ ಹೋಗಿ ಗಾಡಿ ಬದಲಿಸಿ ಬರಬೇಕು. ೨೦೨೫ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನು ೬೦ ರೂಪಾಯಿಯಿಂದ ೯೦ಕ್ಕೆ ಏರಿಸಿದ್ದೂ ಆಯಿತು. ಪಶ್ಚಿಮದ ಹೊರ ವರ್ತುಲ ರಸ್ತೆಯ ಗುಂಟ, ಮಾಗಡಿ ರಸ್ತೆಯ ಕಡಬಗೆರೆಗೆ, ಹೀಗೆ ಎರಡು ಮಾರ್ಗಗಳಿಗೆ ೨೦೨೪ರ ಆಗಸ್ಟಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಒಳ್ಳೆಯದೇ. ಆದರೆ ಅದು ಓಡುವವರೆಗೆ ಪೀಣ್ಯ–ಕೆಂಗೇರಿ ನಡುವೆ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ನೈಸ್ ರಸ್ತೆಯ ಮೇಲೆ, ಸುಂಕದ ಭಾರವನ್ನು ಟಿಕೇಟಿಗೆ ಹೇರದೆ, ರಾತ್ರಿಯೂ ಓಡಿಸಲು ಯಾವ ದೆಹಲಿಯ ಒಪ್ಪಿಗೆ ಬೇಕು?

ಒಪ್ಪಂದ ಮುರಿದರೆ ಸರಕಾರ ಕೋಟಿಗಟ್ಟಲೆ ನಷ್ಟ ತುಂಬಬೇಕಾದೀತು ಎಂದು ಹೆದರಿಸುವ ಕಾನೂನು ಪಂಡಿತರಿದ್ದಾರೆ. ೨೦೦೬ರ ತೀರ್ಪು ಇದೆಯೆಂಬುದನ್ನು ನಾವೂ ಬಲ್ಲೆವು. ಅದನ್ನು ಧಿಕ್ಕರಿಸಿ ಎಂದು ನಾವು ಹೇಳುವುದಿಲ್ಲ. ಕಟ್ಟಿದ ರಸ್ತೆಯ ವಿಷಯ ಬೇರೆ, ಕಟ್ಟದ ಹೆದ್ದಾರಿಯ ವಿಷಯ ಬೇರೆ. ಕಂಪನಿಯನ್ನು ಎದುರು ಕೂರಿಸಿಕೊಂಡು ಲೆಕ್ಕ ಮಾಡಲಿ. ಯಾವ ಸರ್ವೆ ನಂಬರಿನಲ್ಲಿ ರಸ್ತೆ ಬಂದಿದೆ, ಯಾವುದರಲ್ಲಿ ಬಂದಿಲ್ಲ, ಯಾವುದಕ್ಕೆ ಐತೀರ್ಪಾಗಿದೆ, ಹಣ ಯಾರ ಕೈ ಸೇರಿದೆ, ಇದುವರೆಗೆ ವಸೂಲಾದ ಸುಂಕವೆಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ರದ್ದು ಮಾಡಿದರೆ ಆಗುವ ನಷ್ಟವೆಷ್ಟು, ಮಾಡದೆ ಇಷ್ಟು ವರ್ಷ ರೈತನಿಗೆ ಆದ ನಷ್ಟವೆಷ್ಟು, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಜನರೆದುರು ತೂಗಲಿ. ರಸ್ತೆಯೂ ಇಲ್ಲದ, ಐತೀರ್ಪೂ ಇಲ್ಲದ ಜಮೀನುಗಳ ಹನ್ನೊಂದನೆಯ ಕಾಲಮ್ಮಿನ ಸಾಲನ್ನು ಅಳಿಸುವುದಕ್ಕೆ ಮೊದಲು ಕೈಹಾಕಲಿ. ನೆಲ ಹೋದವರಿಗೆ ಜನವರಿಯ ತೀರ್ಪಿನ ನ್ಯಾಯವನ್ನು, ಅವರು ಕೋರ್ಟಿಗೆ ಹೋಗಲಿ ಬಿಡಲಿ, ಸರಕಾರ ತಾನಾಗಿ ಕೊಡಲಿ.

ಇದಾವುದನ್ನೂ ಮಾಡದೆ ಬಿಡದಿಯಲ್ಲಿ ೨೦೨೫ರಲ್ಲಿ ಮತ್ತೊಂದು ಹೊಸ ಉಪನಗರಕ್ಕೆ ಸಾವಿರಾರು ಎಕರೆಯ ಅಧಿಸೂಚನೆ ಹೊರಡಿಸಿದ್ದಾರೆ. ಹಳೆಯ ಗೆರೆಯನ್ನೇ ಅಳಿಸದೆ ಹೊಸ ಗೆರೆ. ಬೈರಮಂಗಲದ ಕಡೆಯ ರೈತರು ಧರಣಿ ಕೂತದ್ದು ಏಕೆಂದು ಸಚಿವರಿಗೆ ಅರ್ಥವಾಗುತ್ತಿಲ್ಲವಂತೆ. ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ, ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ ಹಾಯ್ದು ಹೊಸೂರು ರಸ್ತೆಗೆ ಬರಬೇಕಾದ ಪೆರಿಫೆರಲ್ ವರ್ತುಲ ರಸ್ತೆಯ ಅಧಿಸೂಚನೆ ೨೦೦೫ರದು, ಅಂತಿಮ ಅಧಿಸೂಚನೆ ೨೦೦೭ರದು. ಆ ರೈತರನ್ನು ಕೇಳಿದರೆ ಸಚಿವರಿಗೆ ಅರ್ಥವಾದೀತು.

ನಮ್ಮ ಜಿಲ್ಲೆಯ ಶಾಸಕರು ಪಕ್ಷಭೇದ ಬಿಟ್ಟು ಬರುವ ಅಧಿವೇಶನದಲ್ಲಿ ಈ ಪಟ್ಟಿಯನ್ನು ಸದನದ ಮೇಜಿನ ಮೇಲೆ ಇರಿಸುವಂತೆ ಕೇಳಬೇಕೆಂದು ಒತ್ತಾಯಿಸುತ್ತೇವೆ. ಈ ಯೋಜನೆಯ ಸಾಲು ಬಿದ್ದಿರುವ ಪಹಣಿಗಳ ನಕಲನ್ನು ರೈತ ಬಂಧುಗಳು ನಮ್ಮ ಕಚೇರಿಗೆ ತಲುಪಿಸಿದರೆ, ಸರ್ವೆ ನಂಬರುಗಳನ್ನು ಒಟ್ಟು ಮಾಡಿ ಶಾಸಕರ ಕೈಗೆ ನಾವೇ ಕೊಡುತ್ತೇವೆ. ಮಿಲ್ಲಿನ ಕಾರ್ಮಿಕರು, ಪೇಟೆಯ ವರ್ತಕರು ತಮ್ಮ ಹಳ್ಳಿಯ ಅಣ್ಣತಮ್ಮಂದಿರಿಗೆ ಈ ಮಾತನ್ನು ಮುಟ್ಟಿಸಬೇಕು.